ಇಷ್ಟಲಿಂಗ: ಕಲ್ಲು, ಕಂಥೆ, ಕರಡಿಗೆ

ಲಿಂಗಾಯತರು ಸದಾ ಮೈಮೇಲೆ ಧರಿಸುವ, ಎಡ ಅಂಗೈಯಲ್ಲಿಟ್ಟು ಪೂಜಿಸುವ ಪುಟ್ಟ ಲಿಂಗವೇ ಇಷ್ಟಲಿಂಗ. ಕಣ್ಣಿಗೆ ಕಾಣುವುದು ನುಣುಪಾದ ಕಪ್ಪು ಗುಂಡು ಮಾತ್ರ. ಅದರೊಳಗೆ ಪೀಠ, ಬಾಣಗಳನ್ನುಳ್ಳ ಕಲ್ಲಿನ ಕಿರುಲಿಂಗವಿದೆ. ಆ ಕಲ್ಲನ್ನು ಎಲ್ಲ ಕಡೆಯಿಂದಲೂ ಮುಚ್ಚಿರುವ ಲೇಪಕ್ಕೆ ಕಂಥೆ ಎನ್ನುತ್ತಾರೆ, ಆಡುಮಾತಿನಲ್ಲಿ ಕಂತಿ. ಅದರ ಮೇಲೆ ವಸ್ತ್ರ ಇಲ್ಲವೆ ಬೆಳ್ಳಿಯ ಕರಡಿಗೆ, ಕರಡಿಗೆಗೆ ಶಿವದಾರ. ಅಷ್ಟಾವರಣಗಳಲ್ಲಿ ಗುರುವಿನ ನಂತರದ ಸ್ಥಾನ ಲಿಂಗದ್ದು. ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂಬ ಮೂರು ನೆಲೆಗಳ ತಾತ್ತ್ವಿಕ ವಿವರಣೆ ವಚನಗಳಲ್ಲೂ ಷಟ್‌ಸ್ಥಲ ಗ್ರಂಥಗಳಲ್ಲೂ ವಿಪುಲವಾಗಿದೆ. ಆ ತತ್ತ್ವವನ್ನು ಹೊತ್ತಿರುವ ವಸ್ತುವನ್ನು, ಅದರ ಕಲ್ಲು, ಲೇಪ, ಅಳತೆ, ಕೆಲಸಗಾರಿಕೆಗಳನ್ನು ವಿವರವಾಗಿ ನೋಡಿದವರು ಮಾತ್ರ ಕಡಿಮೆ. ಈ ಲೇಖನದ ಗಮನ ಹೆಚ್ಚಾಗಿ ಅತ್ತ ಕಡೆಗಿದೆ.

ಈ ವಸ್ತುವಿನ ಚರಿತ್ರೆಯೊಂದಿಗೆ ಬಿಡಿಸಲಾರದಂತೆ ಹೆಣೆದುಕೊಂಡ ನೆಲ ವಿಜಯಪುರ ಸೀಮೆ. ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ, ಮಡಿವಾಳ ಮಾಚಿದೇವರ ದೇವರ ಹಿಪ್ಪರಗಿ, ನುಲಿಯ ಚಂದಯ್ಯನ ಊರೆಂದು ಪ್ರತೀತಿಯಿರುವ ಶಿವಣಗಿ, ಎಲ್ಲವೂ ಈ ಜಿಲ್ಲೆಯವೇ. ಜಿಲ್ಲೆಯ ಪಶ್ಚಿಮದಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ, ಟಿಕೋಟಾ ಭಾಗದಲ್ಲಿ ಹೊನವಾಡ ಇದೆ. 1054ರ ಶಾಸನದಲ್ಲಿ ಈ ಊರು ಪೊನ್ನವಾಡ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ರಾಣಿ ಕೇತಲದೇವಿ ಆಗ ಈ ಅಗ್ರಹಾರವನ್ನು ಆಳುತ್ತಿದ್ದಳು. ಚಾಂಕಿರಾಜನೆಂಬ ಅಧಿಕಾರಿ ಇಲ್ಲಿ ತ್ರಿಭುವನತಿಲಕ ಎಂಬ ಜಿನಾಲಯ ಕಟ್ಟಿಸಿದ. ಹನ್ನೊಂದನೆಯ ಶತಮಾನದಲ್ಲಿ ಈ ಭಾಗದ ಭಕ್ತಿ ಹೇಗೆ ಕಾಣುತ್ತಿತ್ತೆಂಬುದಕ್ಕೆ ಇದೊಂದು ಒಳ್ಳೆಯ ಸಾಕ್ಷಿ. ಕಲ್ಲಿನ ಕಟ್ಟಡ, ಅದಕ್ಕೆ ಭೂಮಿಯ ದತ್ತಿ, ದತ್ತಿಗೆ ರಾಜಮುದ್ರೆ, ಇವೆಲ್ಲವನ್ನೂ ಹೇಳುವ ಶಾಸನ. ಜೈನರದಾಗಲಿ ಶೈವರದಾಗಲಿ, ದೇವರ ಮನೆಗೆ ರಾಜ, ರಾಣಿ, ದಂಡನಾಯಕರ ಆಸರೆ ಬೇಕಿತ್ತು. ಸುಮಾರು ನೂರು ವರ್ಷಗಳ ನಂತರ ಇದೇ ಚಾಲುಕ್ಯರ ರಾಜಧಾನಿ ಕಲ್ಯಾಣದಲ್ಲಿ, ಆಗ ಅಧಿಕಾರ ಹಿಡಿದಿದ್ದ ಬಿಜ್ಜಳನ ಕಾಲಕ್ಕೆ, ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತುವೊಂದು ಆ ಇಡೀ ಏರ್ಪಾಡಿಗೆ ಎದುರಾಗಿ ನಿಂತಿತು.

ಇಷ್ಟಲಿಂಗದ ಪ್ರಾಚೀನತೆಯ ಬಗ್ಗೆ ಎರಡು ನಿಲುವುಗಳಿವೆ. ಪಂಚಾಚಾರ್ಯ ಪರಂಪರೆ ಲಿಂಗಧಾರಣೆಯನ್ನು ಬಸವಪೂರ್ವದ್ದೆಂದು ಹೇಳುತ್ತದೆ. ಬಸವಣ್ಣನವರೇ ಅದನ್ನು ರೂಪಿಸಿದರೆಂಬುದು ಇನ್ನೊಂದು ನಿಲುವು. ಒಳಗೆ ಪಂಚಸೂತ್ರದ, ಎಂದರೆ ನಿಗದಿತ ಅಳತೆಗಳ, ಲಿಂಗ ಇರಲೇಬೇಕೇ, ಹೊರಗಿನ ಗೋಳಾಕಾರವೇ ಮುಖ್ಯವೇ ಎಂಬ ಚರ್ಚೆಯೂ ಇದರ ಜೊತೆಗೇ ಸಾಗಿಬಂದಿದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮನಿಗೆ ಲಿಂಗ ಸಿಗುವುದು ನೆಲದೊಳಗೆ ಹುದುಗಿದ್ದ ಗುಡಿಯಲ್ಲಿ ಕುಳಿತಿದ್ದ ಅನಿಮಿಷನ ಕರಸ್ಥಲದಿಂದ. ಸೊಲ್ಲಾಪುರದಲ್ಲಿ ಕೆರೆ ತೋಡಿಸಿ ಗುಡಿ ಕಟ್ಟಿಸಿದ ಸಿದ್ಧರಾಮ ಬಹಳ ತಡವಾಗಿ, ಕಲ್ಯಾಣಕ್ಕೆ ಬಂದ ಮೇಲೆ, ಚನ್ನಬಸವಣ್ಣನಿಂದ ಇಷ್ಟಲಿಂಗ ಪಡೆಯುತ್ತಾನೆ. ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ಓದಿದರೆ ಗುಡಿಯಿಂದ ಅಂಗೈಗೆ ಆದ ಪಯಣ ಎಂಥದ್ದೆಂದು ತಿಳಿಯುತ್ತದೆ. ಗಂಡಿಗೂ ಹೆಣ್ಣಿಗೂ, ಹಗ್ಗ ಹೊಸೆಯುವವನಿಗೂ ಮಂತ್ರಿಗೂ ಒಂದೇ ಅಳತೆಯ, ಒಂದೇ ಬಣ್ಣದ ಲಿಂಗ. ಮುಟ್ಟು, ಹೆರಿಗೆಗಳ ಸೂತಕ ಅದಕ್ಕಿಲ್ಲ. ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಲಿಂಗಧಾರಣೆಯಾಗುತ್ತದೆ. ತಿಳಿವಳಿಕೆ ಬಂದ ಮೇಲೆ ದೀಕ್ಷೆ.

ಇನ್ನು ಕಲ್ಲಿನ ವಿಚಾರ. ವಿಜಯಪುರ ಸೀಮೆಯ ಬಹುಭಾಗ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟಿನ ನೆಲ. ಈ ಕರಿಕಲ್ಲು ಗಡಸು. ಬೆರಳ ತುದಿಯಷ್ಟು ಸಣ್ಣ ವಸ್ತುವನ್ನು ಅದರಲ್ಲಿ ನಾಜೂಕಾಗಿ ಕಡೆಯುವುದು ಸುಲಭವಲ್ಲ. ಇಷ್ಟಲಿಂಗಕ್ಕೆ ಬಳಸುತ್ತಿದ್ದುದು ತಿಳಿಬೂದು ಬಣ್ಣದ ಮೆದುಕಲ್ಲು. ಅದು ಬರುತ್ತಿದ್ದುದು ಪರ್ವತದಿಂದ, ಎಂದರೆ ಶ್ರೀಶೈಲದಿಂದ. 1880ರ ದಶಕದಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರ್ ಸಂಪುಟಗಳು ಈ ಸಾಗಣೆಯ ವಿವರ ಕೊಡುತ್ತವೆ: ಕಂಬಿ ಜಂಗಮರು ಬಿದಿರಿನ ಕಂಬಿಯನ್ನು ಹೆಗಲ ಮೇಲೆ ಹೊತ್ತು ಲಿಂಗದ ಕಲ್ಲುಗಳ ಜೊತೆಗೆ ಪಾತಾಳಗಂಗೆಯ ನೀರನ್ನೂ ತರುತ್ತಿದ್ದರು. ಪಾತಾಳಗಂಗೆ ಎಂದರೆ ಶ್ರೀಶೈಲದ ಬುಡದಲ್ಲಿ ಹರಿಯುವ ಕೃಷ್ಣೆ. ವಿಜಯಪುರ ಜಿಲ್ಲೆಯ ದಕ್ಷಿಣದ ಅಂಚನ್ನು ಸವರಿಕೊಂಡು, ಕೂಡಲಸಂಗಮವನ್ನು ದಾಟಿ ಹೋದ ನೀರೇ ಅದು. ಹೊಳೆ ಇಳಿದ ದಿಕ್ಕಿನಲ್ಲೇ ಜನ ನಡೆದುಹೋಗಿ, ಕಲ್ಲು ಮತ್ತು ನೀರನ್ನು ಹೆಗಲ ಮೇಲೆ ಊರಿಗೆ ತರುತ್ತಿದ್ದರು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಕಂಬಿಯೊಂದಿಗೆ ಶ್ರೀಶೈಲಕ್ಕೆ, ಮಲ್ಲಯ್ಯನ ಬೆಟ್ಟಕ್ಕೆ, ಪಾದಯಾತ್ರೆ ಹೋಗುವುದು ಇಂದಿಗೂ ನಡೆದಿದೆ.

ಕಡೆದ ಕಲ್ಲಿನ ಅಳತೆಯನ್ನೂ ಅದೇ ಗೆಜೆಟಿಯರ್ ನಿಖರವಾಗಿ ಕೊಡುತ್ತದೆ. ಮುಕ್ಕಾಲು ಅಂಗುಲ ಅಗಲದ ಎರಡು ಬಿಲ್ಲೆಗಳು ಒಂದರ ಮೇಲೊಂದು. ಕೆಳಗಿನದು ದುಂಡಗೆ, ಮೇಲಿನದು ತುಸು ಉದ್ದಕ್ಕೆ. ಎರಡರ ನಡುವೆ ಆಳವಾದ ಒಂದು ಗೀರು. ಮೇಲಿನ ಬಿಲ್ಲೆಯ ನಡುವೆ ಬಟಾಣಿಯಂಥ ಗುಬಟು; ಅದೇ ಬಾಣ, ಎತ್ತರ ಕಾಲು ಅಂಗುಲ. ಮೇಲಿನ ಬಿಲ್ಲೆ ಜಲಹರಿ, ಗುಡಿಯ ಲಿಂಗದಲ್ಲಿ ಅಭಿಷೇಕದ ನೀರು ಹರಿದುಹೋಗುವ ಭಾಗದ ಕಿರುರೂಪ. ಲಿಂಗ, ಪೀಠ, ಗೋಮುಖಗಳು ಪರಸ್ಪರ ಇಂತಿಷ್ಟೇ ಅಳತೆಯಲ್ಲಿರಬೇಕು ಎನ್ನುವ ನಿಯಮವೇ ಪಂಚಸೂತ್ರ. ಒಟ್ಟು ಎತ್ತರ ಎರಡು ಸೆಂಟಿಮೀಟರಿಗೂ ಕಡಿಮೆ. ಇಷ್ಟು ಕಷ್ಟಪಟ್ಟು ಕಡೆದ ಆಕಾರವನ್ನು ಇನ್ನು ಮುಂದೆ ಯಾರೂ ನೋಡುವುದಿಲ್ಲ. ಅದರ ಮೇಲೆ ಕಂಥೆ ಬೀಳುತ್ತದೆ.

ಕಂಥೆಯ ಮೂಲದ್ರವ್ಯಗಳು ಜೇಡಿಮಣ್ಣು, ಆಕಳ ಸೆಗಣಿಯ ಬೂದಿ ಮತ್ತು ಕೇರುಬೀಜದ ರಸ. ಇವನ್ನು ನುಣ್ಣಗೆ ಅರೆದು ನಾದಿ ಕಲ್ಲಿನ ಮೇಲೆ ಮೆತ್ತಿದರೆ ಗೀರು ತುಂಬುತ್ತದೆ, ಬಾಣ ಮುಳುಗುತ್ತದೆ, ಬಿಲ್ಲೆಗಳ ಅಂಚು ಅಳಿಯುತ್ತದೆ. ಉಳಿಯುವುದು ಬುಡ ಅಗಲವಾಗಿ ನೆತ್ತಿ ತುಸು ಕಿರಿದಾದ ಕಪ್ಪು ಗುಂಡು, ಹೆಚ್ಚುಕಡಿಮೆ ಒಂದು ಕಪ್ಪಡಿಕೆಯಂತೆ. ಇಲ್ಲಿ ಒಂದೊಂದು ದ್ರವ್ಯಕ್ಕೂ ಒಂದೊಂದು ಕೆಲಸವಿದೆ. ಕೇರು, ಎಂದರೆ ಭಲ್ಲಾತಕ, ಮಾವು ಮತ್ತು ಗೋಡಂಬಿಯ ಕುಲಕ್ಕೆ ಸೇರಿದ ಮರ. ಅದರ ಬೀಜದ ರಸ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಗಾಳಿಗೆ ತೆರೆದಿಟ್ಟರೆ ಕಪ್ಪಾಗಿ ಗಟ್ಟಿಯಾಗುತ್ತದೆ; ಒಮ್ಮೆ ಗಟ್ಟಿಯಾದ ಮೇಲೆ ನೀರಿಗೆ ಬಿಡುವುದಿಲ್ಲ. ಮಡಿವಾಳರು ಬಟ್ಟೆಗೆ ಗುರುತು ಹಾಕಲು ಈ ರಸಕ್ಕೆ ಸುಣ್ಣ ತಾಗಿಸಿ ಬಳಸುತ್ತಿದ್ದುದು ಆ ಗುಣ ನೋಡಿಯೇ. ಚೀನಾ, ಜಪಾನುಗಳ ಪ್ರಸಿದ್ಧ ಅರಗಿನ ಪಾತ್ರೆಗಳಿಗೆ ಬಳಿಯುವ ಮರದ ಹಾಲು ಕೂಡ ಇದೇ ಕುಲದ ಮರದ್ದು. ಅದರಲ್ಲಿರುವ ಫೀನಾಲ್ ಜಾತಿಯ ಎಣ್ಣೆಗಳಿಗೂ ಕೇರಿನ ಎಣ್ಣೆಗಳಿಗೂ ಹತ್ತಿರದ ಸಂಬಂಧವಿದೆ. ಗಾಳಿಯ ಆಮ್ಲಜನಕ ಈ ಎಣ್ಣೆಯ ಕಣಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿ ಪದರವನ್ನಾಗಿ ಮಾಡುತ್ತದೆ. ಬೂದಿಯಲ್ಲಿರುವ ಕ್ಷಾರ ಈ ಕ್ರಿಯೆಗೆ ವೇಗ ಕೊಡುತ್ತದೆ. ಮಣ್ಣು ಮತ್ತು ಬೂದಿಯ ಕಣಗಳು ಲೇಪಕ್ಕೆ ಮೈ ಕೊಟ್ಟು, ಒಣಗುವಾಗ ಬಿರಿಯದಂತೆ ನೋಡಿಕೊಳ್ಳುತ್ತವೆ. ಕುಲುಮೆ ಬೇಡ, ಆವಿಗೆ ಬೇಡ. ತಣ್ಣನೆಯ ಲೇಪವೊಂದು ತಾನಾಗಿಯೇ ಗಟ್ಟಿಯಾಗಿ, ಒಬ್ಬ ಮನುಷ್ಯನ ಆಯುಷ್ಯದುದ್ದಕ್ಕೂ ದಿನಾ ನೀರು, ವಿಭೂತಿ, ಬೆರಳಿನ ಉಜ್ಜಾಟ, ಎದೆಯ ಬೆವರು ಎಲ್ಲವನ್ನೂ ತಾಳಿಕೊಳ್ಳುತ್ತದೆ. ಇದನ್ನು ಕನ್ನಡ ನಾಡಿನ ಉತ್ತಮ ರಸಾಯನ ಕುಶಲತೆಗಳಲ್ಲಿ ಒಂದೆಂದು ಹೇಳಲು ಹಿಂಜರಿಯಬೇಕಿಲ್ಲ.

ಆ ಹೊಳಪಿಗೂ ಪೂಜೆಯಲ್ಲಿ ಕೆಲಸವಿದೆ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ನೋಡುವುದು ಶಿವಯೋಗದ ಕ್ರಮ. ಹಣತೆಯ ಕುಡಿ ಆ ಕಪ್ಪಿನ ನೆತ್ತಿಯಲ್ಲಿ ಒಂದು ಸಣ್ಣ ಬೆಳಕಿನ ಚುಕ್ಕೆಯಾಗಿ ನಿಲ್ಲುತ್ತದೆ. ದೃಷ್ಟಿ ಆ ಚುಕ್ಕೆಯಲ್ಲಿ ನೆಡುತ್ತದೆ. ಕಲ್ಲಿನ ಬೂದು ಮೈಗೆ ಈ ಶಕ್ತಿಯಿಲ್ಲ. ಬಳಕೆಯಿಂದ ಕಂಥೆ ಸವೆದು ಮಂಕಾದರೆ, ಅಂಚು ಬಿಟ್ಟು ಒಳಗಿನ ಕಲ್ಲು ಇಣುಕಿದರೆ, ಮತ್ತೆ ಕಂಥೆ ಕಟ್ಟಿಸುವುದು ರೂಢಿ.

ಕಲ್ಲಿನ ಕಿರುವಸ್ತುವಿಗೆ ಹೊಳೆಯುವ ಲೇಪ ಕೊಟ್ಟು ಮೈಮೇಲೆ ಧರಿಸಿದ ಇನ್ನೊಂದು ನಾಡು ಪ್ರಾಚೀನ ಈಜಿಪ್ಟ್. ಅಲ್ಲಿಯ ಕರಕುಶಲತೆಯನ್ನು ಪಕ್ಕದಲ್ಲಿಟ್ಟರೆ ನಮ್ಮದು ಇನ್ನಷ್ಟು ಸ್ಪಷ್ಟವಾಗುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಕೈರೋ ಸಂಗ್ರಹಾಲಯ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯಗಳಲ್ಲಿ ಸ್ಕ್ಯಾರಬ್ ಎಂಬ ರಕ್ಷೆಗಳು ರಾಶಿರಾಶಿಯಾಗಿವೆ. ಸೆಗಣಿಯುಂಡೆ ಉರುಳಿಸುವ ಜೀರುಂಡೆಯ ಆಕಾರ, ಒಂದೆರಡು ಸೆಂಟಿಮೀಟರ್ ಉದ್ದ, ದಾರ ಪೋಣಿಸಲು ತಲೆಯಿಂದ ಬಾಲದವರೆಗೆ ತೂತು, ಹೊಟ್ಟೆಯ ಕೆಳಗೆ ಚಪ್ಪಟೆ ಮೈಯಲ್ಲಿ ಹೆಸರು ಅಥವಾ ಮಂತ್ರ. ಉಂಡೆ ಉರುಳಿಸುವ ಹುಳು ಅವರಿಗೆ ಮೂಡುವ ಸೂರ್ಯನ, ಖೆಪ್ರಿ ದೇವತೆಯ, ರೂಪ. ಸ್ಕ್ಯಾರಬ್‌ಗಳಿಗೆ ಅತಿ ಹೆಚ್ಚು ಬಳಕೆಯಾದ ಕಲ್ಲು ಬಳಪದ ಕಲ್ಲು. ಹೊಯ್ಸಳರ ಗುಡಿಗಳನ್ನು ಕಟ್ಟಿದ ಕಲ್ಲಿನ ಬಳಗದ್ದೇ. ಉಗುರಿನಿಂದ ಗೀರಬಹುದಾದಷ್ಟು ಮೆತ್ತಗಿರುವ ಈ ಕಲ್ಲನ್ನು ಕಡೆದು, ಮರಳು, ಕ್ಷಾರ, ತಾಮ್ರದ ಪುಡಿಗಳ ಲೇಪ ಕೊಟ್ಟು ಸುಮಾರು 900–1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಎರಡು ಬದಲಾವಣೆಗಳು ಒಟ್ಟಿಗೇ ಆಗುತ್ತವೆ. ಒಳಗಿನ ಕಲ್ಲಿನ ನೀರಿನಂಶ ಹೋಗಿ ಅದು ಗಡುಸಾಗುತ್ತದೆ; ಹೊರಗಿನ ಲೇಪ ಕರಗಿ ನೀಲಿ–ಹಸಿರು ಗಾಜಾಗಿ ಅಂಟುತ್ತದೆ. ಈಜಿಪ್ಟಿನವರು ಇದನ್ನು ಕ್ರಿ.ಪೂ. 4000ಕ್ಕೂ ಮೊದಲೇ ಮಣಿಗಳ ಮೇಲೆ ಮಾಡಿ ಕಲಿತಿದ್ದರು. ನಮ್ಮ ಸಿಂಧೂ ಕಣಿವೆಯವರು ಅದೇ ಬಗೆಯ ಕಲ್ಲನ್ನು ಸುಟ್ಟು ಮುದ್ರೆಗಳನ್ನೂ ಮಣಿಗಳನ್ನೂ ಮಾಡಿದರು. ಈಗ ಸಿಗುವ ಎಷ್ಟೋ ಸ್ಕ್ಯಾರಬ್‌ಗಳಲ್ಲಿ ಉಬ್ಬಿದ ಕಡೆ ಗಾಜು ಉದುರಿ ಕಂದು ಅಥವಾ ಬಿಳಿ ಕಲ್ಲು ಕಾಣುತ್ತದೆ. ರೆಕ್ಕೆಯ ಗೀರಿನಲ್ಲಿ, ಕಾಲಿನ ಸಂದಿಯಲ್ಲಿ ಮಾತ್ರ ಹಸಿರು ಉಳಿದಿರುತ್ತದೆ.

ಬೂದಿ ಎರಡೂ ಕಡೆ ಇದೆ. ನೈಲ್ ತೀರದಲ್ಲಿ ಗಿಡದ ಬೂದಿಯ ಕ್ಷಾರ ಬೆಂಕಿಯಲ್ಲಿ ಮರಳನ್ನು ಕರಗಿಸಿತು. ಕೃಷ್ಣೆಯ ತೀರದಲ್ಲಿ ಸೆಗಣಿಯ ಬೂದಿ ಬೆಂಕಿಯಿಲ್ಲದೆಯೇ ಎಣ್ಣೆಯನ್ನು ಗಟ್ಟಿ ಮಾಡಿತು. ಒಂದು ಲೇಪ ಕೆಳಗಿನ ಕೆತ್ತನೆ ಕಾಣುವಂತೆ ತೆಳ್ಳಗೆ ಹರಡಿತು. ಇನ್ನೊಂದು ಕೆತ್ತನೆಯನ್ನೇ ಮುಚ್ಚಿತು. ಈಜಿಪ್ಟಿನ ರಕ್ಷೆ ಒಡೆಯನ ಹೆಸರನ್ನು, ಕೆಲವೊಮ್ಮೆ ರಾಜನ ಹೊಗಳಿಕೆಯನ್ನೂ ಹೊತ್ತಿರುತ್ತದೆ. ಮೂರನೆಯ ಅಮೆನ್‌ಹೊಟೆಪ್ ತಾನು ಸಿಂಹಗಳನ್ನು ಬೇಟೆಯಾಡಿದ ಸುದ್ದಿಯನ್ನು ದೊಡ್ಡ ಸ್ಕ್ಯಾರಬ್‌ಗಳ ಮೇಲೆ ಬರೆಸಿ ಹಂಚಿದ. ಇಷ್ಟಲಿಂಗದ ಮೇಲೆ ಒಂದು ಅಕ್ಷರವೂ ಇಲ್ಲ.

ಹಾಗಿದ್ದರೆ ಇಷ್ಟಲಿಂಗವೂ ಒಂದು ತಾಯಿತವೇ? ಹೊರಗಿನಿಂದ ನೋಡಿದ ಕೆಲವರು ಹಾಗೆ ವರ್ಗೀಕರಿಸಿದ್ದಾರೆ. ಇದು ಸರಿಯಲ್ಲ. ವಿಜಯಪುರ ಸೀಮೆಯಲ್ಲಿ ತಾಯಿತ ಅಪರೂಪದ ವಸ್ತುವಲ್ಲ. ದರ್ಗಾಗಳಲ್ಲಿ ಮಂತ್ರಿಸಿ ಕೊಟ್ಟ ಬೆಳ್ಳಿ–ತಾಮ್ರದ ತಾಯಿತ ಹಿಂದೂ, ಮುಸ್ಲಿಮರೆನ್ನದೆ ಮಕ್ಕಳ ಕೊರಳಲ್ಲಿ ಕಾಣುತ್ತದೆ. ತಾಯಿತ ಕಟ್ಟುವುದು ದೃಷ್ಟಿ, ರೋಗ, ಭಯಗಳಿಗೆ. ಕಾರಣ ತೀರಿದರೆ ಬಿಚ್ಚಿಡಬಹುದು. ಇಷ್ಟಲಿಂಗ ಒಂದು ಕೇಡನ್ನು ತಡೆಯಲೆಂದು ಕಟ್ಟಿದ್ದಲ್ಲ. ಅದು ಪೂಜೆಗೊಳ್ಳುವ ವಸ್ತು, ಧರಿಸಿದವನ ಅರಿವಿನ ಕುರುಹು. ಹಾಗೆಂದು ಬರಿಯ ಕುರುಹಿಗೆ ಅಂಟಿಕೊಳ್ಳುವುದನ್ನೂ ಶರಣರು ಒಪ್ಪಲಿಲ್ಲ.

ಇದನ್ನು ನುಲಿಯ ಚಂದಯ್ಯನ ಪ್ರಸಂಗದಷ್ಟು ನೇರವಾಗಿ ಹೇಳುವ ಕಥೆ ಬೇರೊಂದಿಲ್ಲ. ಶೂನ್ಯಸಂಪಾದನೆಯಲ್ಲಿ ಬರುವಂತೆ, ಕೆರೆಗಿಳಿದು ಹಗ್ಗಕ್ಕಾಗಿ ಹುಲ್ಲು ಕೊಯ್ಯುತ್ತಿದ್ದ ಚಂದಯ್ಯನ ಕೊರಳಿನ ಲಿಂಗ ಕಳಚಿ ನೀರಿಗೆ ಬೀಳುತ್ತದೆ. ಲಿಂಗ ಕಳೆದುಕೊಂಡರೆ ಪ್ರಾಣ ಬಿಡಬೇಕೆನ್ನುವ ನಿಷ್ಠೆಯ ಕಾಲ. ಚಂದಯ್ಯ ಬಗ್ಗಿ ಹುಡುಕುವುದಿಲ್ಲ. ಹುಲ್ಲಿನ ಹೊರೆ ಹೊತ್ತು ನಡೆಯುತ್ತಾನೆ. ಹೊಸೆದ ಹಗ್ಗ ಮಾರಿ ಜಂಗಮ ದಾಸೋಹ ನಡೆಸುವ ಕಾಯಕ ಅವನಿಗೆ ದೊಡ್ಡದು. ಬಿದ್ದ ಲಿಂಗವೇ ಅವನ ಹಿಂದೆ ಬರುತ್ತದೆ, ತನ್ನನ್ನು ಮತ್ತೆ ಧರಿಸೆಂದು ಕೇಳುತ್ತದೆ. ಅವನು ಸುಲಭಕ್ಕೆ ಒಪ್ಪುವುದಿಲ್ಲ. ಲಿಂಗವನ್ನು ಉಸಿರಿನಷ್ಟು ಹತ್ತಿರ ಇಟ್ಟುಕೊಂಡ ಸಮುದಾಯವೇ ಈ ಕಥೆಯನ್ನು ಕಟ್ಟಿ, ಓಲೆಗಳಲ್ಲಿ ಬರೆದು ಕಾಪಾಡಿತೆಂಬುದು ಗಮನಿಸಬೇಕಾದ ಸಂಗತಿ.

ಕರಡಿಗೆ ಪತ್ತಾರರ ಕೆಲಸ. ಬಡವರ ಲಿಂಗ ಬಿಳಿ ಇಲ್ಲವೆ ಕೆಂಪು ವಸ್ತ್ರದಲ್ಲೇ ಇರುತ್ತಿತ್ತು, ಈಗಲೂ ಹಾಗೆ ಕಟ್ಟಿಕೊಳ್ಳುವವರಿದ್ದಾರೆ. ಉಳ್ಳವರು ಬೆಳ್ಳಿಯಲ್ಲಿ ಮಾಡಿಸಿದರು. ದುಂಡನೆಯದು ಗುಂಡಗಡಗಿ. ಚೌಕ ಎನ್ನುವುದರಲ್ಲಿ ನಡುವಿನ ಗೂಡಿನ ಎರಡೂ ಬದಿಗೆ ಕೋಡಿನಂತೆ ಚಾಚಿದ ಭಾಗಗಳಿರುತ್ತವೆ, ಶಿವದಾರ ಅವುಗಳ ತುದಿಯ ಬಳೆಗಳಲ್ಲಿ ಹಾಯುತ್ತದೆ. ಹಳೆಯ ಕರಡಿಗೆಯನ್ನು ಕೈಯಲ್ಲಿ ಹಿಡಿದರೆ ಎದೆಗೆ ತಾಗುವ ಹಿಂಬದಿ ಸವೆದು ಕನ್ನಡಿಯಾಗಿರುವುದು, ಮುಂಬದಿಯ ಹೂಬಳ್ಳಿಯ ಗೀರುಗಳಲ್ಲಿ ವಿಭೂತಿ ಹೂತು ಬಿಳಿಯ ಗೆರೆಯಾಗಿರುವುದು ಕಾಣುತ್ತದೆ. ಲಿಂಗದ ಮೈಯಲ್ಲಿ ಇಲ್ಲದ ಅಲಂಕಾರವೆಲ್ಲ ಕರಡಿಗೆಗೆ ಬಂತು. ಎಲ್ಲರಿಗೂ ಒಂದೇ ಎನ್ನುವ ಲಿಂಗದ ಸುತ್ತ ಸಿರಿವಂತಿಕೆಯ ಭೇದ ಹೀಗೆ ಬೆಳ್ಳಿಯ ರೂಪದಲ್ಲಿ ಒಳಬಂದದ್ದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಉತ್ತರ ಕರ್ನಾಟಕದ ಬೆಳ್ಳಿ ಕೆಲಸದ ಒಳ್ಳೆಯ ಮಾದರಿಗಳು ಇವೇ. ಹೊರದೇಶದ ಸಂಗ್ರಹಕಾರರು ಬಹು ಹಿಂದೆಯೇ ಇವುಗಳ ಬೆಲೆ ಅರಿತಿದ್ದರು.

ಸಂಗ್ರಹಾಲಯಗಳಿಗೆ ಹೋದದ್ದು ಹೆಚ್ಚಾಗಿ ಕರಡಿಗೆ, ಲಿಂಗವಲ್ಲ. ಇದಕ್ಕೆ ಕಾರಣ ಲಿಂಗಾಯತರ ಅಂತ್ಯಸಂಸ್ಕಾರ. ಸಮಾಧಿಯಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿರಿಸಿ, ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುತ್ತಾರೆ. ಬೆಳ್ಳಿ ಮನೆಯಲ್ಲಿ ಉಳಿದು ಮುಂದಿನವರಿಗೆ ಹೋಗಬಹುದು, ಕಷ್ಟಕಾಲಕ್ಕೆ ಮಾರಾಟವೂ ಆಗಬಹುದು. ಕಲ್ಲು ಮತ್ತು ಕಂಥೆ ಮಾತ್ರ ಧರಿಸಿದವರ ಜೊತೆಗೇ ಹೋಗುತ್ತವೆ. ಈಜಿಪ್ಟಿನವರೂ ರಕ್ಷೆಗಳನ್ನು ಸತ್ತವರ ಜೊತೆಗೆ ಇಟ್ಟರು, ಹೃದಯದ ಮೇಲಿಡುತ್ತಿದ್ದ ಸ್ಕ್ಯಾರಬ್‌ನಲ್ಲಿ, ಸತ್ತ ಮೇಲಿನ ವಿಚಾರಣೆಯ ಹೊತ್ತಿಗೆ ತನ್ನ ಹೃದಯವೇ ತನ್ನ ವಿರುದ್ಧ ಸಾಕ್ಷಿ ಹೇಳದಿರಲಿ ಎಂಬ ಮಂತ್ರ ಕೊರೆದಿರುತ್ತಿತ್ತು. ಆ ಗೋರಿಗಳನ್ನು ಕಳ್ಳರೂ ವಿದ್ವಾಂಸರೂ ಅಗೆದರು. ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿ 1914ರಲ್ಲಿ ಈಜಿಪ್ಟಿನ ರಕ್ಷೆಗಳನ್ನು ಇನ್ನೂರೈವತ್ತಕ್ಕೂ ಹೆಚ್ಚು ಬಗೆಗಳಾಗಿ ವಿಂಗಡಿಸಿ ಗ್ರಂಥ ಪ್ರಕಟಿಸಲು ಸಾಧ್ಯವಾದದ್ದು ಹಾಗೆ. ಆ ತಿಳಿವಳಿಕೆಯ ಹಿಂದೆ ಒಡೆದ ಸಮಾಧಿಗಳಿವೆ. ನಮ್ಮ ಸಮಾಧಿಗಳು ಒಡೆಯದೆ ಉಳಿದಿರುವುದು ಒಳ್ಳೆಯದೇ. ಅವು ಹಾಗೆಯೇ ಉಳಿಯಬೇಕು.

ವಿಜಯಪುರದಲ್ಲಿ ಪವಿತ್ರ ವಸ್ತುವೊಂದು ಪೂಜೆಯ ಜಗಲಿಯಿಂದ ಅಧ್ಯಯನದ ಮೇಜಿಗೆ ಬಂದ ಉದಾಹರಣೆ ಇದೆ. ವಚನಗಳ ತಾಳೆಗರಿ ಕಟ್ಟುಗಳನ್ನು ಮನೆಮನೆಗಳಲ್ಲಿ, ಮಠಗಳಲ್ಲಿ ವಿಭೂತಿ ಹಚ್ಚಿ ಪೂಜಿಸುತ್ತಿದ್ದ ಕಾಲದಲ್ಲಿ ಫ.ಗು. ಹಳಕಟ್ಟಿಯವರು (1880–1964) ಅವನ್ನು ಕೇಳಿ ತಂದು, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು; ಮುಂದೆ ತಮ್ಮದೇ ಮುದ್ರಣಾಲಯ ನಡೆಸಿ ‘ಶಿವಾನುಭವ’ ಪತ್ರಿಕೆ ಹೊರತಂದರು. ಪೂಜೆಗೆ ಅದರಿಂದ ಕುಂದು ಬರಲಿಲ್ಲ, ವಚನಗಳು ಇಡೀ ನಾಡಿನ ಸೊತ್ತಾದವು. ಶಬ್ದಕ್ಕೆ ಸಿಕ್ಕ ಈ ಭಾಗ್ಯ ಕೈಕೆಲಸಕ್ಕೆ ಇನ್ನೂ ಸಿಗಬೇಕಾಗಿದೆ.

ಅದಕ್ಕೆ ಧರ್ಮದ ಅಡ್ಡಿಯೂ ಇಲ್ಲ. ಕಡೆದು ಕಂಥೆ ಕಟ್ಟಿದ ಕಲ್ಲು ಗುರು ಸಂಸ್ಕಾರ ಕೊಟ್ಟು ಶಿಷ್ಯನ ಕರಸ್ಥಲಕ್ಕೆ ಇಡುವವರೆಗೆ ಇಷ್ಟಲಿಂಗವಾಗುವುದಿಲ್ಲ. ಅಲ್ಲಿಯವರೆಗೆ ಅದು ಕುಶಲಕರ್ಮಿಯ ಕೆಲಸ. ಹಾಗಾಗಿ ಬರಿಯ ಕಲ್ಲು, ಮೊದಲ ಲೇಪ ಬಿದ್ದ ಕಲ್ಲು, ಹೊಳಪು ಬಂದ ಕಲ್ಲು, ಕೇರುಬೀಜ, ಬೂದಿ, ಅರೆಯುವ ಗುಂಡು, ಅಳತೆಯ ಸಾಧನಗಳು, ಇವಿಷ್ಟನ್ನು ಯಾರ ಭಾವನೆಗೂ ನೋವಾಗದಂತೆ ಸಂಗ್ರಹಿಸಬಹುದು, ಕಂಥೆ ಕಟ್ಟುವವರ ಬಾಯಿಂದಲೇ ವಿಧಾನ ಬರೆದುಕೊಳ್ಳಬಹುದು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಆರಂಭವಾಗಿ, 1982ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಸೇರಿದ ಸಂಗ್ರಹಾಲಯದಲ್ಲಿ ಶಾಸನಗಳು, ಹಸ್ತಪ್ರತಿಗಳು, ಆದಿಲ್‌ಶಾಹಿ ಚಿತ್ರಗಳ ಜೊತೆಗೆ ಚೀನಾದಿಂದ ಬಂದ ಪಿಂಗಾಣಿಯೂ ಇದೆ. ಹೊಳಪಿನ ಲೇಪ ಬೆಂಕಿಯಲ್ಲಿ ಹೇಗೆ ಕೂರುತ್ತದೆಂಬುದನ್ನು ಆ ಪಿಂಗಾಣಿ ತೋರಿಸುತ್ತದೆ. ಬೆಂಕಿಯಿಲ್ಲದೆ ಕೂರುವ ಲೇಪದ ಮಾದರಿ ಅದರ ಪಕ್ಕದಲ್ಲೇ ಇರಬೇಕು.